ಸಮರನೌಕೆಯ ಉಗ್ರಾಣ

2024ರ ಡಿಸೆಂಬರ್ 9ರಂದು ರಷ್ಯಾದ ಕಲಿನಿನ್‌ಗ್ರಾದ್‌ನಲ್ಲಿ ಐಎನ್‌ಎಸ್ ತುಶಿಲ್ ಎಂಬ ಕ್ಷಿಪಣಿ ನೌಕೆ ನಮ್ಮ ನೌಕಾಪಡೆಗೆ ಸೇರಿತು. ರಕ್ಷಣಾ ಸಚಿವ ರಾಜನಾಥ್ ಸಿಂಗ್ ಖುದ್ದು ಹೋಗಿದ್ದರು. ಹಡಗನ್ನು ಕಟ್ಟಿದ್ದು ರಷ್ಯಾ. ಅದನ್ನು ಓಡಿಸುವ ಗ್ಯಾಸ್ ಟರ್ಬೈನ್ ಎಂಜಿನ್ ತಯಾರಾದದ್ದು ಉಕ್ರೇನ್‌ನಲ್ಲಿ. ಆ ಹೊತ್ತಿಗೆ ಈ ಎರಡು ದೇಶಗಳ ನಡುವಿನ ಯುದ್ಧಕ್ಕೆ ಮೂರು ವರ್ಷ ತುಂಬುತ್ತ ಬಂದಿತ್ತು.

ಶತ್ರುವಿನ ಎಂಜಿನ್ ಶತ್ರುವಿನ ಹಡಗಿನೊಳಗೆ ಹೋಗಿ ಕೂತದ್ದು ಹೇಗೆ? 2014ರಲ್ಲಿ ರಷ್ಯಾ ಕ್ರಿಮಿಯಾವನ್ನು ಕಬಳಿಸಿದ ಮೇಲೆ ಉಕ್ರೇನ್ ಅದಕ್ಕೆ ಯುದ್ಧ ಸಾಮಗ್ರಿ ಮಾರುವುದನ್ನು ನಿಲ್ಲಿಸಿತು. ರಷ್ಯಾ ತನಗಾಗಿ ಕಟ್ಟುತ್ತಿದ್ದ ಆರು ಹಡಗುಗಳ ಪೈಕಿ ಮೂರಕ್ಕೆ ಅಷ್ಟರಲ್ಲಿ ಎಂಜಿನ್ ಬಂದಿತ್ತು. ಉಳಿದ ಮೂರು ಬರೀ ಉಕ್ಕಿನ ಚಿಪ್ಪುಗಳಾಗಿ ಯಾರ್ಡಿನಲ್ಲೇ ಉಳಿದವು. 2018ರಲ್ಲಿ ಭಾರತ ಅವುಗಳಲ್ಲಿ ಎರಡನ್ನು ಕೊಳ್ಳಲು ಒಪ್ಪಿಕೊಂಡಿತು. ಎಂಜಿನ್ನನ್ನು ತಾನೇ ಉಕ್ರೇನ್‌ನಿಂದ ಖರೀದಿಸಿ ರಷ್ಯಾದ ಯಾರ್ಡಿಗೆ ಒಪ್ಪಿಸಿತು. ರಾಜತಾಂತ್ರಿಕರು ಇದನ್ನು ಚಾಣಾಕ್ಷತನ ಎಂದಾರು, ಅದು ಸುಳ್ಳೂ ಅಲ್ಲ. ಆದರೆ ಎಂಜಿನ್ ಎಂದರೆ ಒಂದು ಸಲ ತಂದು ಕೂರಿಸಿ ಮರೆತುಬಿಡುವ ವಸ್ತುವಲ್ಲ. ಮುಂದಿನ ಮೂವತ್ತು ವರ್ಷ ಅದಕ್ಕೆ ಬ್ಲೇಡ್ ಬೇಕು, ಬೇರಿಂಗ್ ಬೇಕು, ಇಂಧನ ಚಿಮ್ಮಿಸುವ ನಾಝಲ್ ಬೇಕು. ಅವೆಲ್ಲ ಎಲ್ಲಿಂದ ಬರಬೇಕು?

ತುಶಿಲ್ ಫ್ರಿಗೇಟ್ ಗಾತ್ರದ ಹಡಗು. ಇದೇ ಪ್ರಶ್ನೆ ಅದಕ್ಕಿಂತ ದೊಡ್ಡವಾದ ಡೆಸ್ಟ್ರಾಯರ್‌ಗಳನ್ನು ಇನ್ನಷ್ಟು ಕಾಡುತ್ತದೆ. ಪತ್ರಿಕೆಗಳಲ್ಲಿ ಈ ಹಡಗುಗಳ ಸುದ್ದಿ ಬಂದಾಗ ನಾವು ಓದುವುದು ಬ್ರಹ್ಮೋಸ್ ಎಷ್ಟು ದೂರ ಹಾರುತ್ತದೆ, ರಾಡಾರ್ ಎಷ್ಟು ದೂರ ಕಾಣುತ್ತದೆ ಎಂಬುದನ್ನು. ಉಗ್ರಾಣದ ಸುದ್ದಿ ಯಾರೂ ಬರೆಯುವುದಿಲ್ಲ. ನನ್ನ ಲೆಕ್ಕದಲ್ಲಿ ಡೆಸ್ಟ್ರಾಯರ್ ಒಂದರ ನಿಜವಾದ ಬಲ ಅಡಗಿರುವುದು ಅಲ್ಲಿ. ಬಂದರಿನಲ್ಲಿ ಬಿಡಿಭಾಗಕ್ಕೆ ಕಾಯುತ್ತ ನಿಂತ ಹಡಗಿನ ಕ್ಷಿಪಣಿಯಿಂದ ಯಾರಿಗೂ ಭಯವಿಲ್ಲ.

ನಮಗೆ ಹೆಸರಿನಿಂದಲೇ ಹತ್ತಿರವಾದ ಒಂದು ಡೆಸ್ಟ್ರಾಯರ್ ಇದೆ. 1999ರ ಜೂನ್ 2ರಂದು ಸೇವೆಗೆ ಸೇರಿದ ಐಎನ್‌ಎಸ್ ಮೈಸೂರು. ಅದರ ಲಾಂಛನದಲ್ಲಿ ಗಂಡಭೇರುಂಡವಿದೆ. ಇದೇ ಹೆಸರಿನ ಹಿಂದಿನ ಹಡಗು ಬ್ರಿಟಿಷರಿಂದ ಕೊಂಡ ಕ್ರೂಸರ್. 1957ರಿಂದ 1985ರವರೆಗೆ ನಮ್ಮಲ್ಲಿತ್ತು. ಈಗಿನ ಮೈಸೂರು ಮುಂಬೈನ ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ್ದು. 163 ಮೀಟರ್ ಉದ್ದ, ತುಂಬಿದಾಗ ಸುಮಾರು 6,700 ಟನ್ ತೂಕ. 2008ರ ಡಿಸೆಂಬರಿನಲ್ಲಿ ಏಡನ್ ಕೊಲ್ಲಿಯಲ್ಲಿ 23 ಮಂದಿ ಕಡಲ್ಗಳ್ಳರನ್ನು ಹಿಡಿದು ಸುದ್ದಿಯಾದದ್ದು ಇದೇ ಹಡಗು. ವಿಮಾನ ಬಂದರೆ ಹೊಡೆಯಬೇಕು, ಎದುರಿನ ಹಡಗನ್ನು ಮುಳುಗಿಸಬೇಕು, ನೀರಿನಡಿಯ ಜಲಾಂತರ್ಗಾಮಿಯನ್ನು ಹುಡುಕಬೇಕು. ಡೆಸ್ಟ್ರಾಯರ್ ಮಾಡಬೇಕಾದ ಈ ಮೂರೂ ಕೆಲಸಕ್ಕೆ ಬೇಕಾದ ಸರಂಜಾಮು ಅದರಲ್ಲಿದೆ. ಆದರೆ ಒಂದೊಂದರ ಊರು ಒಂದೊಂದು. ನೀರಿನಡಿ ಕಿವಿಗೊಡುವ ‘ಹಮ್ಸಾ’ ಸೋನಾರ್ ಕೊಚ್ಚಿಯ ಪ್ರಯೋಗಾಲಯದಲ್ಲಿ ಹುಟ್ಟಿ ಬಿಇಎಲ್‌ನಲ್ಲಿ ತಯಾರಾದದ್ದು. ವಿಮಾನ ಹೊಡೆಯುವ ‘ಶ್ತಿಲ್’, ಹಡಗು ಹೊಡೆಯುವ ‘ಉರಾನ್’ ಎರಡೂ ರಷ್ಯಾದವು. ನಾಲ್ಕು ಗ್ಯಾಸ್ ಟರ್ಬೈನ್‌ಗಳು ಮಿಕೊಲಾಯಿವ್‌ನವು.

ಮಿಕೊಲಾಯಿವ್ ಕಪ್ಪು ಸಮುದ್ರದ ಬಳಿಯ, ನದಿ ದಂಡೆಯ ಹಡಗುಕಟ್ಟೆಯ ಊರು. ಸೋವಿಯತ್ ಕಾಲದಲ್ಲಿ ಹಡಗಿನ ಟರ್ಬೈನ್ ಎಂದರೆ ಆ ಊರೇ. 1962ರಲ್ಲಿ ಅಲ್ಲಿನ ಯಾರ್ಡಿನಿಂದ ಹೊರಟ ‘ಕಾಶಿನ್’ ವರ್ಗದ ಮೊದಲ ಹಡಗು ಕೇವಲ ಗ್ಯಾಸ್ ಟರ್ಬೈನಿನಿಂದ ಓಡುವ ಜಗತ್ತಿನ ಮೊತ್ತಮೊದಲ ದೊಡ್ಡ ಸಮರನೌಕೆ. ಬೇರೆ ಬಹುತೇಕರು ಇನ್ನೂ ಬಾಯ್ಲರು ಕಾಯಿಸುತ್ತ ಉಗಿಗಾಗಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲ ಅದು. ಟರ್ಬೈನಿನ ಸಿಳ್ಳೆಯಂಥ ದನಿಗೆ ನಾವಿಕರು ಅವನ್ನು ‘ಹಾಡುವ ಹಡಗು’ ಎಂದು ಕರೆದರಂತೆ. ಇದೇ ವಿನ್ಯಾಸವನ್ನು ಒಂದಿಷ್ಟು ತಿದ್ದಿ ಭಾರತಕ್ಕೆಂದು ಅದೇ ಊರಿನಲ್ಲಿ ಐದು ಹಡಗು ಕಟ್ಟಿದರು: ರಜಪೂತ್, ರಾಣಾ, ರಣಜಿತ್, ರಣವೀರ್, ರಣವಿಜಯ್. 1980ರಲ್ಲಿ ಬಂದ ರಜಪೂತ್ 2021ರ ಮೇ 21ರಂದು ನಿವೃತ್ತವಾಯಿತು. ನಲವತ್ತೊಂದು ವರ್ಷ! ಬ್ರಹ್ಮೋಸ್‌ನ ಆರಂಭದ ಪರೀಕ್ಷೆಗಳಿಗೆ ವೇದಿಕೆಯಾದದ್ದೂ ಅದೇ. ಆ ನಲವತ್ತೊಂದು ವರ್ಷದಲ್ಲಿ ಅದಕ್ಕೆ ಬಿಡಿಭಾಗ ಕಳಿಸಬೇಕಾದ ದೇಶವೇ ನಡುವೆ ಕಣ್ಮರೆಯಾಗಿತ್ತು. ಅದರ ಕಥೆಗೆ ಆಮೇಲೆ ಬರೋಣ. ಮೊದಲು ಟರ್ಬೈನು ಏಕೆ ಇಷ್ಟೊಂದು ಬಿಡಿಭಾಗ ತಿನ್ನುತ್ತದೆ ಎಂಬುದನ್ನು ನೋಡಬೇಕು.

ವಿಮಾನದ ಜೆಟ್ ಎಂಜಿನ್ನಿಗೂ ಹಡಗಿನ ಟರ್ಬೈನಿಗೂ ತತ್ವ ಒಂದೇ. ಗಾಳಿಯನ್ನು ಎಳೆದು, ಒತ್ತಿ, ಅದರಲ್ಲಿ ಇಂಧನ ಉರಿಸಿ, ಆ ಬಿಸಿ ಅನಿಲದಿಂದ ಬ್ಲೇಡುಗಳ ಚಕ್ರ ತಿರುಗಿಸುವುದು. ವಿಮಾನ ಮೋಡದ ಮೇಲಿನ ಶುದ್ಧ ಗಾಳಿಯಲ್ಲಿ ಹಾರುತ್ತದೆ. ಹಡಗಿಗೆ ಆ ಭಾಗ್ಯವಿಲ್ಲ. ಅದು ಎಳೆದುಕೊಳ್ಳುವ ಗಾಳಿಯ ತುಂಬ ಉಪ್ಪಿನ ಹನಿ. ಗಾಳಿ ಒಳಬರುವ ದಾರಿಯಲ್ಲಿ ಹನಿ ಹಿಡಿಯುವ ಜಾಲರಿಗಳಿರುತ್ತವೆ, ಸೋಸುಕಗಳಿರುತ್ತವೆ. ಆದರೂ ಒಂದಿಷ್ಟು ಉಪ್ಪು ನುಸುಳಿಯೇ ನುಸುಳುತ್ತದೆ. ಉಪ್ಪಿನ ಸೋಡಿಯಂ, ಇಂಧನದಲ್ಲಿರುವ ಗಂಧಕ ಇವೆರಡೂ ಬೆಂಕಿಯಲ್ಲಿ ಸೇರಿ ಸೋಡಿಯಂ ಸಲ್ಫೇಟ್ ಆಗುತ್ತದೆ. ಸುಮಾರು 600ರಿಂದ 950 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಬ್ಲೇಡಿನ ಮೇಲೆ ತೆಳ್ಳಗೆ ಅಂಟಿ, ಲೋಹವನ್ನು ಕಾಪಾಡುತ್ತಿರುವ ಮೇಲ್ಪದರವನ್ನೇ ಕರಗಿಸುತ್ತದೆ. ಅಲ್ಲಿಂದ ಮುಂದೆ ನಿಕ್ಕಲ್ ಮಿಶ್ರಲೋಹದ ಬ್ಲೇಡು ಗೆದ್ದಲು ತಿಂದ ಹಾಗೆ ಒಳಗಿನಿಂದ ಸವೆಯತೊಡಗುತ್ತದೆ.

ಇಂಥ ಬ್ಲೇಡು ನೋಡಲು ಅಂಗೈಯಗಲದ್ದು. ಹೊಸದಾಗಿದ್ದಾಗ ಅದರ ಮೈ ನುಣುಪು, ಅಂಚು ಹರಿತ. ಸವೆದದ್ದರಲ್ಲಿ ಅಂಚಿನುದ್ದಕ್ಕೂ ಹಸಿರು ಬೂದು ಬಣ್ಣದ ಹುಡಿ, ಸಣ್ಣ ಗುಳಿ, ಪದರ ಎದ್ದು ಬಂದ ಕಲೆ. ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಒಂದು ಚೂರು ಕಿತ್ತುಬಂದರೂ ಹಿಂದಿನ ಸಾಲುಗಳನ್ನೆಲ್ಲ ಪುಡಿಗಟ್ಟುತ್ತದೆ. ಹಾಗಾಗಿ ಎಂಜಿನ್ ರೂಮಿನವರು ಕಂಪ್ರೆಸರನ್ನು ಆಗಾಗ ಸಿಹಿನೀರಿನಿಂದ ತೊಳೆಯುತ್ತಾರೆ, ಬೋರೋಸ್ಕೋಪ್ ಎಂಬ ಕೊಳವೆ ಕ್ಯಾಮೆರಾವನ್ನು ಎಂಜಿನ್ನಿನ ರಂಧ್ರದಲ್ಲಿ ಇಳಿಸಿ ಒಂದೊಂದೇ ಬ್ಲೇಡನ್ನು ತಿರುಗಿಸಿ ನೋಡುತ್ತಾರೆ. ವೈದ್ಯರು ಮಾಡುವ ಎಂಡೋಸ್ಕೋಪಿಗೂ ಇದಕ್ಕೂ ಉಪಕರಣದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಬ್ಲೇಡು ಕೆಟ್ಟಿದೆ ಎಂದು ಗೊತ್ತಾದರೆ ಹಡಗಿನಲ್ಲೇ ಎಂಜಿನ್ ಬಿಚ್ಚಿ ಕೂರುವುದಿಲ್ಲ. ಇಡೀ ಟರ್ಬೈನನ್ನು ಗಾಳಿ ಬರುವ ಕೊಳವೆಯ ದಾರಿಯಲ್ಲೇ ಮೇಲಕ್ಕೆತ್ತಿ ತೆಗೆದು, ಓವರ್‌ಹಾಲ್ ಆಗಿ ಸಿದ್ಧವಾಗಿರುವ ಇನ್ನೊಂದನ್ನು ಇಳಿಸುತ್ತಾರೆ. ತೆಗೆದದ್ದು ಕಾರ್ಖಾನೆಗೆ ಹೋಗುತ್ತದೆ. ಅಂದರೆ ನಾಲ್ಕು ಎಂಜಿನ್ನಿನ ಹಡಗಿಗೆ ನಾಲ್ಕೇ ಎಂಜಿನ್ ಕೊಂಡರೆ ಸಾಲದು. ಇಡೀ ವರ್ಗಕ್ಕೆಂದು ಒಂದಿಷ್ಟು ಎಂಜಿನ್ ದಡದಲ್ಲಿ ಸದಾ ತಯಾರಿರಬೇಕು. ಆ ಸುತ್ತು ಎಲ್ಲಿ ಕಡಿದರೂ ಹಡಗು ಎರಡು ಎಂಜಿನ್ನಿನ ಮೇಲೆ ಕುಂಟುತ್ತದೆ.

1991ರ ಕೊನೆಗೆ ಆ ಸುತ್ತು ಕಡಿಯಿತು. ಸೋವಿಯತ್ ಒಕ್ಕೂಟ ಒಡೆದು ಹದಿನೈದು ದೇಶವಾಯಿತು. ಎಂಜಿನ್ನಿನ ಕಾರ್ಖಾನೆ ಉಕ್ರೇನಿಗೆ ಹೋಯಿತು, ಕ್ಷಿಪಣಿಯ ಕಾರ್ಖಾನೆ ರಷ್ಯಾದಲ್ಲಿ ಉಳಿಯಿತು, ಚಿಕ್ಕಪುಟ್ಟ ಭಾಗ ಮಾಡುತ್ತಿದ್ದವರು ಎಲ್ಲೆಲ್ಲೋ ಚದುರಿದರು. ಅಲ್ಲಿಯವರೆಗೆ ಭಾರತ ಮಾತಾಡುತ್ತಿದ್ದದ್ದು ಮಾಸ್ಕೋದ ಒಂದೇ ಕಚೇರಿಯೊಡನೆ, ಕೊಡುತ್ತಿದ್ದದ್ದು ರೂಪಾಯಿ. ಈಗ ಪ್ರತಿ ಕಾರ್ಖಾನೆಯನ್ನೂ ಹುಡುಕಿಕೊಂಡು ಹೋಗಬೇಕು, ಡಾಲರ್ ಎಣಿಸಬೇಕು. ನಮ್ಮ ಬೊಕ್ಕಸದಲ್ಲಿ ಡಾಲರ್ ಬತ್ತಿ, ಚಿನ್ನ ಅಡವಿಟ್ಟ ವರ್ಷವೂ ಅದೇ! ಮೈಸೂರಿನ ವರ್ಗದ ಮೊದಲ ಹಡಗಾದ ಐಎನ್‌ಎಸ್ ದೆಹಲಿ ಆ ವರ್ಷದ ಫೆಬ್ರವರಿಯಲ್ಲೇ ನೀರಿಗೆ ಇಳಿದಿತ್ತು. ಸೇವೆಗೆ ಸೇರಿದ್ದು 1997ರ ನವೆಂಬರಿನಲ್ಲಿ. ಸರಂಜಾಮಿಗೆ ಕಾದದ್ದು ಆ ಆರು ವರ್ಷಕ್ಕೆ ಒಂದು ಮುಖ್ಯ ಕಾರಣ.

ಆ ಪೆಟ್ಟಿನಿಂದ ಒಂದು ಒಳ್ಳೆಯದೂ ಆಯಿತು. ಓವರ್‌ಹಾಲಿಗೆ ಎಂಜಿನ್ನನ್ನು ಕಪ್ಪು ಸಮುದ್ರದ ತನಕ ಕಳಿಸುವ ಬದಲು ಇಲ್ಲೇ ಬಿಚ್ಚಿ ಜೋಡಿಸುವ ವ್ಯವಸ್ಥೆಗೆ ಒತ್ತು ಸಿಕ್ಕಿತು. ವಿಶಾಖಪಟ್ಟಣದಲ್ಲಿ ಐಎನ್‌ಎಸ್ ಏಕ್ಸಿಲಾ ಎಂಬ ನೌಕಾಪಡೆಯ ಕೇಂದ್ರವಿದೆ. ಹೆಸರಿಗೆ ಐಎನ್‌ಎಸ್ ಎಂದಿದ್ದರೂ ಅದು ಹಡಗಲ್ಲ, ದಡದ ಮೇಲಿನ ಟರ್ಬೈನ್ ಕಾರ್ಯಾಗಾರ. ಸೋವಿಯತ್ ಮೂಲದ ಟರ್ಬೈನುಗಳನ್ನು ಕಳಚಿ, ಸವೆದದ್ದನ್ನು ಬದಲಿಸಿ, ಪರೀಕ್ಷಾ ಪೀಠದ ಮೇಲೆ ಓಡಿಸಿ ನೋಡಿ ಮರಳಿ ಕೊಡುವುದು ಅಲ್ಲಿನವರ ಕೆಲಸ. ಕೈಚಳಕ ನಮ್ಮದಾಯಿತು. ಒಳಗಿನ ಬ್ಲೇಡು, ಬೇರಿಂಗ್ ಮಾತ್ರ ಮಿಕೊಲಾಯಿವ್‌ನಿಂದಲೇ ಬರಬೇಕಿತ್ತು.

ಇನ್ನು ಉಗ್ರಾಣದೊಳಗೆ ಹೋಗೋಣ. ಹಡಗಿನ ಬಿಡಿಭಾಗದಲ್ಲಿ ಎರಡು ಬಗೆ. ನಡುಗಡಲಿನಲ್ಲಿ ಕೆಟ್ಟರೆ ಅಲ್ಲೇ ಹಾಕಿಕೊಳ್ಳಲು ಹಡಗಿನಲ್ಲೇ ಇಟ್ಟುಕೊಳ್ಳುವ ಸಾಮಾನು ಒಂದು. ರಿಫಿಟ್ ಎಂಬ ದೊಡ್ಡ ದುರಸ್ತಿಗೆಂದು ದಡದ ಡಿಪೋದಲ್ಲಿ ಇರುವುದು ಇನ್ನೊಂದು. ಮುಂಬೈ, ವಿಶಾಖಪಟ್ಟಣ, ಕೊಚ್ಚಿ, ಕಾರವಾರಗಳಲ್ಲಿ ಇದಕ್ಕೆಂದೇ ನೌಕಾಪಡೆಯ ಮೆಟೀರಿಯಲ್ ಆರ್ಗನೈಸೇಶನ್‌ಗಳಿವೆ. ಹಡಗಿನ ಸ್ಟೋರ್ ರೂಮು ಇಕ್ಕಟ್ಟಿನ ಜಾಗ. ಅಲೆಗೆ ಹಡಗು ವಾಲಿದರೆ ಸಾಮಾನು ಜಾರಬಾರದೆಂದು ಕಪಾಟಿನ ಪ್ರತಿ ಖಾನೆಗೂ ಅಡ್ಡಪಟ್ಟಿ ಇರಬೇಕು. ಬೇರಿಂಗ್‌ಗಳಿಗೆ ಗ್ರೀಸು ಮೆತ್ತಿ ಎಣ್ಣೆಕಾಗದ ಸುತ್ತಿ ಮೊಹರು ಹಾಕಿರುತ್ತಾರೆ. ಎಲೆಕ್ಟ್ರಾನಿಕ್ ಕಾರ್ಡಿನ ಪೊಟ್ಟಣದಲ್ಲಿ ತೇವ ತೋರಿಸುವ ಚೀಟಿಯೊಂದು ಇರುತ್ತದೆ. ಅದರ ಚುಕ್ಕೆ ನೀಲಿಯಿಂದ ಗುಲಾಬಿಗೆ ತಿರುಗಿತೆಂದರೆ ಒಳಗಿನ ಕಾರ್ಡನ್ನು ನಂಬುವ ಹಾಗಿಲ್ಲ. ರಬ್ಬರಿನ ಓ-ರಿಂಗ್‌ಗಳ ಪೊಟ್ಟಣದ ಮೇಲೆ ಅವನ್ನು ಬೇಯಿಸಿ ಗಟ್ಟಿಗೊಳಿಸಿದ ತಾರೀಖು ಬರೆದಿರುತ್ತದೆ. ಒಮ್ಮೆಯೂ ಬಳಸದಿದ್ದರೂ ರಬ್ಬರು ಮುದಿಯಾಗುತ್ತದೆ, ಅವಧಿ ಮುಗಿದರೆ ಹೊಸ ಪೊಟ್ಟಣವನ್ನೇ ಎಸೆಯಬೇಕು. ಕೆಲವೇ ರೂಪಾಯಿಯ ಆ ಉಂಗುರ ಸೋರಿದರೆ ಹೈಡ್ರಾಲಿಕ್ ಒತ್ತಡ ಇಳಿದು ಚುಕ್ಕಾಣಿಯೋ ತೋಪೋ ತಿರುಗದೆ ನಿಲ್ಲಬಹುದು.

ಪ್ರತಿ ವಸ್ತುವಿಗೂ ಒಂದು ನಂಬರು. ನೇಟೋ ದೇಶಗಳು ಶುರುಮಾಡಿ ಈಗ ಭಾರತವೂ ಸೇರಿದಂತೆ ಅನೇಕ ದೇಶಗಳು ಬಳಸುವ ಪದ್ಧತಿಯಲ್ಲಿ ಅದು 13 ಅಂಕಿಯದು. ಮೊದಲ ನಾಲ್ಕು ವಸ್ತುವಿನ ಜಾತಿ, ಮುಂದಿನ ಎರಡು ದೇಶ, ಉಳಿದ ಏಳು ಆ ವಸ್ತು. ಇದರಿಂದ ಆಗುವ ಉಪಕಾರ ದೊಡ್ಡದು. ಒಂದೇ ಬೇರಿಂಗನ್ನು ಎಂಜಿನ್ ಕಂಪನಿ ಒಂದು ಹೆಸರಲ್ಲಿ ಹತ್ತು ಪಟ್ಟು ಬೆಲೆಗೂ, ಪಂಪಿನ ಕಂಪನಿ ಇನ್ನೊಂದು ಹೆಸರಲ್ಲಿ ಕಡಿಮೆಗೂ ಮಾರುತ್ತಿದ್ದರೆ ಆ ನಂಬರು ಗುಟ್ಟನ್ನು ರಟ್ಟು ಮಾಡುತ್ತದೆ. ಸೋವಿಯತ್ ಸಾಮಾನುಗಳಿಗೆ ಇಂಥ ನಂಬರಿರಲಿಲ್ಲ, ರಷ್ಯನ್ ಭಾಷೆಯ ಕ್ಯಾಟಲಾಗ್ ಇತ್ತು. ಅದನ್ನು ಓದಿ ಪಟ್ಟಿ ಮಾಡಿದವರಿಗೆ ಯಾವ ಪದಕವೂ ಬಂದಿರಲಾರದು.

ಉಗ್ರಾಣದ ಅಧಿಕಾರಿಯ ನಿಜವಾದ ತಲೆನೋವು ಲೆಕ್ಕದ್ದು. ಫಿಲ್ಟರ್, ಗ್ಯಾಸ್ಕೆಟ್ ತಿಂಗಳು ತಿಂಗಳೂ ಖರ್ಚಾಗುತ್ತವೆ, ಅಂದಾಜು ಸುಲಭ. ಹತ್ತು ವರ್ಷಕ್ಕೊಮ್ಮೆ ಕೆಡಬಹುದಾದ, ಕೆಡದೆಯೂ ಇರಬಹುದಾದ ಗೇರ್ ಚಕ್ರವನ್ನು ಕೊಂಡಿಡಬೇಕೋ ಬೇಡವೋ? ಕೊಂಡರೆ ಕೋಟಿಗಟ್ಟಲೆ ಹಣ ಕಪಾಟಿನಲ್ಲಿ ಕೊಳೆಯುತ್ತದೆ, ಆಡಿಟ್‌ನವರು ಕೇಳುತ್ತಾರೆ. ಕೊಳ್ಳದೆ ಅದೇ ಕೆಟ್ಟರೆ ಹಡಗು ಎರಡು ವರ್ಷ ನಿಲ್ಲುತ್ತದೆ, ಆಗಲೂ ಆಡಿಟ್‌ನವರೇ ಕೇಳುತ್ತಾರೆ.

ಎಲೆಕ್ಟ್ರಾನಿಕ್ಸ್‌ನದ್ದು ಬೇರೆಯೇ ಪಜೀತಿ. ಹಡಗು ಮೂವತ್ತೈದು ವರ್ಷ ಬದುಕಬೇಕು. ಅದರ ಕಂಪ್ಯೂಟರಿನ ಚಿಪ್ ಮಾರುಕಟ್ಟೆಯಲ್ಲಿ ಉಳಿಯುವುದು ಕೆಲವೇ ವರ್ಷ. ತಯಾರಿಕೆ ನಿಲ್ಲಿಸುತ್ತೇವೆ, ಬೇಕಾದಷ್ಟು ಈಗಲೇ ಕೊಂಡುಬಿಡಿ ಎಂದು ಕಂಪನಿ ಪತ್ರ ಬರೆದಾಗ ಮುಂದಿನ ಇಪ್ಪತ್ತು ವರ್ಷಕ್ಕೆ ಎಷ್ಟು ಬೇಕೆಂದು ಇವತ್ತೇ ಹೇಳಬೇಕು. ಕಡಿಮೆ ಬಿದ್ದರೆ ದಲ್ಲಾಳಿಗಳ ಬಾಗಿಲು ತಟ್ಟಬೇಕು. ಅಲ್ಲಿ ನಕಲಿಯವರು ಕಾದಿರುತ್ತಾರೆ. 2012ರಲ್ಲಿ ಅಮೆರಿಕದ ಸೆನೆಟ್‌ನ ಸಶಸ್ತ್ರ ಪಡೆಗಳ ಸಮಿತಿ ಇದನ್ನು ತನಿಖೆ ಮಾಡಿದಾಗ ಸುಮಾರು 1,800 ಪ್ರಕರಣ, ಹತ್ತು ಲಕ್ಷಕ್ಕೂ ಮೀರಿದ ಅನುಮಾನಾಸ್ಪದ ಭಾಗಗಳು ಸಿಕ್ಕವು. ಜಾಡು ಹಿಡಿದವುಗಳಲ್ಲಿ ಶೇ 70ಕ್ಕೂ ಹೆಚ್ಚಿನವು ಚೀನಾದತ್ತ ಬೆರಳು ತೋರಿದವು. ಗುಜರಿಗೆ ಬಂದ ಹಳೆ ಕಂಪ್ಯೂಟರಿನ ಹಲಗೆಯನ್ನು ಕಾಯಿಸಿ ಚಿಪ್ ಕಿತ್ತು, ತೊಳೆದು, ಮೇಲಿನ ಅಕ್ಷರ ಉಜ್ಜಿ, ಹೊಸ ಅಕ್ಷರ ಅಚ್ಚೊತ್ತಿದ ಮಾಲು. ಡೆಸ್ಟ್ರಾಯರ್‌ಗಳ ಮೇಲಿಂದ ಹಾರುತ್ತಿದ್ದ ಎಸ್‌ಎಚ್-60ಬಿ ಹೆಲಿಕಾಪ್ಟರಿನ ರಾತ್ರಿಗಣ್ಣಿನ ಉಪಕರಣದೊಳಗೂ ಅಂಥದ್ದು ಸೇರಿಕೊಂಡಿತ್ತು.

ಬಿಡಿಭಾಗ ಸಿಗದಿದ್ದಾಗ ಎಲ್ಲ ದೇಶದ ನೌಕಾಪಡೆಗಳೂ ಮಾಡುವುದು ಒಂದೇ ಕೆಲಸ. ಬಸ್ ಡಿಪೋದ ಮೂಲೆಯಲ್ಲಿ ನಿಂತ ಗಾಡಿಯಿಂದ ಸ್ಟಾರ್ಟರ್ ಕಿತ್ತು ಬೆಳಗಿನ ಟ್ರಿಪ್ಪಿನ ಗಾಡಿಗೆ ಹಾಕುತ್ತಾರಲ್ಲ, ಅದೇ. ನೌಕಾಪಡೆಯವರ ಬಾಯಲ್ಲಿ ಅದಕ್ಕೆ ‘ಕ್ಯಾನಿಬಲೈಸೇಶನ್’ ಎಂಬ ಭಯಂಕರ ಹೆಸರು. ತುರ್ತಿಗೆ ಒದಗುತ್ತದೆ, ಆದರೆ ಕೆಲಸ ದುಪ್ಪಟ್ಟು. ಎರಡು ಹಡಗಿನಲ್ಲಿ ಬಿಚ್ಚಬೇಕು, ಎರಡು ಹಡಗಿನಲ್ಲಿ ಜೋಡಿಸಬೇಕು, ಬಿಚ್ಚುವಾಗ ಪಕ್ಕದ ವೈರು ಕಡಿದುಹೋದರೆ ಅದೂ ಸೇರಿತು. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕ ಪರಿಶೋಧನಾ ಕಚೇರಿ 2017ರಲ್ಲಿ ಅಲ್ಲಿನ ನೌಕಾಪಡೆಯ ಈ ಚಾಳಿಯ ಬಗ್ಗೆಯೇ ವರದಿ ಬರೆಯಿತು. 2016-17ರ ಒಂದೇ ವರ್ಷದಲ್ಲಿ 795 ಪ್ರಕರಣ. ಐದು ವರ್ಷದಲ್ಲಿ ಶೇ 49ರಷ್ಟು ಏರಿಕೆ. ಬಿಡಿಭಾಗಗಳ ಖರೀದಿಯ ಹಣ ಕತ್ತರಿಸಿ ಉಳಿತಾಯ ಮಾಡಿದ್ದೇವೆ ಎಂದುಕೊಂಡದ್ದೇ ಹೀಗೆ ಬೇರೆ ಬಾಗಿಲಿನಿಂದ ಖರ್ಚಾಗಿ ಮರಳಿತ್ತು.

ಬ್ರಿಟನ್ನಿನ ಡೆಸ್ಟ್ರಾಯರ್‌ಗಳ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಿಡಿಭಾಗದ ಸಂಕಟ ಶತ್ರು ದೇಶಗಳ ನಡುವೆ ಮಾತ್ರ ಹುಟ್ಟುತ್ತದೆ ಎಂದೇನಿಲ್ಲ. ‘ಟೈಪ್ 45’ ಹಡಗುಗಳು ಮೊದಲು ಹನ್ನೆರಡು ಎಂದಿತ್ತು, ಎಂಟಾಯಿತು, ಕೊನೆಗೆ ಆರಕ್ಕೆ ನಿಂತಿತು. ಅವಕ್ಕೆ ಆರಿಸಿದ ಎಂಜಿನ್ ಡಬ್ಲ್ಯುಆರ್-21. ಕಾಗದದ ಮೇಲೆ ಬಹಳ ಜಾಣ ಎಂಜಿನ್. ಒತ್ತಿದ ಗಾಳಿಯನ್ನು ನಡುವೆ ತಂಪು ಮಾಡಿ, ಹೊರಹೋಗುವ ಹೊಗೆಯ ಶಾಖವನ್ನು ಮರಳಿ ಹಿಡಿದು ಇಂಧನ ಉಳಿಸುತ್ತದೆ. ಹಡಗಿನಲ್ಲಿ ಪ್ರೊಪೆಲ್ಲರ್ ತಿರುಗಿಸುವುದೂ ವಿದ್ಯುತ್ತೇ, ರಾಡಾರ್ ನಡೆಸುವುದೂ ವಿದ್ಯುತ್ತೇ. ಬಿಸಿ ಕಡಲಿಗೆ ಹೋದಾಗ ಆ ಶಾಖ ಹಿಡಿಯುವ ಭಾಗ ಕೈಕೊಡತೊಡಗಿತು. ಟರ್ಬೈನು ದಿಢೀರನೆ ನಿಂತರೆ ಇದ್ದ ಎರಡು ಸಣ್ಣ ಡೀಸೆಲ್ ಜನರೇಟರುಗಳ ಮೇಲೆ ಎಲ್ಲ ಭಾರ ಬಿದ್ದು ಅವೂ ಬೀಳುತ್ತಿದ್ದವು. ಜಗತ್ತಿನ ಅತ್ಯುತ್ತಮ ರಾಡಾರ್‌ಗಳಲ್ಲಿ ಒಂದನ್ನು ಹೊತ್ತ ಹಡಗು ನಡುನೀರಿನಲ್ಲಿ ದೀಪವಾರಿ ತೇಲುತ್ತಿತ್ತು. 2016ರಲ್ಲಿ ಪಾರ್ಲಿಮೆಂಟಿನ ರಕ್ಷಣಾ ಸಮಿತಿ ಇದನ್ನು ಕೆದಕಿತು. ಈಗ ಹಡಗಿನ ಪಕ್ಕವನ್ನೇ ಕೊಯ್ದು ಹಳೆ ಜನರೇಟರ್ ತೆಗೆದು ಮೂರು ದೊಡ್ಡವನ್ನು ಕೂರಿಸುತ್ತಿದ್ದಾರೆ. ಈ ವರ್ಗದ ಮೊದಲ ಹಡಗು ಎಚ್‌ಎಂಎಸ್ ಡೇರಿಂಗ್ 2017ರಲ್ಲಿ ನಿಂತದ್ದು 2024 ಮುಗಿಯುವವರೆಗೂ ಸೇವೆಗೆ ಮರಳಲಿಲ್ಲ.

ಇದರ ಬೇರು ಎಲ್ಲಿದೆಯೆಂದರೆ, ಆ ಎಂಜಿನ್ನನ್ನು ಜಗತ್ತಿನ ಇನ್ಯಾವ ನೌಕಾಪಡೆಯೂ ಕೊಳ್ಳಲಿಲ್ಲ. ಆರು ಹಡಗು, ಹನ್ನೆರಡು ಎಂಜಿನ್, ಅಷ್ಟಕ್ಕೇ ಮುಗಿಯಿತು. ಹನ್ನೆರಡು ಎಂಜಿನ್ನಿಗಾಗಿ ಯಾವ ಕಂಪನಿ ತಾನೇ ಬಿಡಿಭಾಗದ ಸಾಲನ್ನು ದಶಕಗಟ್ಟಲೆ ತೆರೆದಿಡುತ್ತದೆ?

ಇದಕ್ಕೆ ತಿರುಗುಮುರುಗಾದ ಉದಾಹರಣೆ ತೈವಾನ್‌ನಲ್ಲಿದೆ. ಇರಾನಿನ ಷಾ ಅಮೆರಿಕಕ್ಕೆ ನಾಲ್ಕು ಡೆಸ್ಟ್ರಾಯರ್‌ಗಳ ಆರ್ಡರ್ ಕೊಟ್ಟಿದ್ದ. ಪರ್ಷಿಯಾ ಕೊಲ್ಲಿಯ ಬಿಸಿಲಿಗೆಂದು ಬಲವಾದ ಹವಾನಿಯಂತ್ರಣ, ಮರಳಿಗೆಂದು ವಿಶೇಷ ಸೋಸುಕ ಹಾಕಿ ಕಟ್ಟಿದವು. 1979ರಲ್ಲಿ ಕ್ರಾಂತಿಯಾಯಿತು, ಆರ್ಡರ್ ರದ್ದಾಯಿತು. ಅಮೆರಿಕದ ನೌಕಾಪಡೆಯೇ ಅವನ್ನು ‘ಕಿಡ್’ ವರ್ಗವೆಂದು ಇಟ್ಟುಕೊಂಡಿತು; ನಾವಿಕರು ತಮಾಷೆಗೆ ‘ಆಯತೊಲ್ಲಾ ವರ್ಗ’ ಎನ್ನುತ್ತಿದ್ದರು. 1990ರ ದಶಕದ ಕೊನೆಗೆ ನಿವೃತ್ತಿ ಕೊಟ್ಟು, ತೈವಾನಿಗೆ ಮಾರಿ, 2005-06ರಲ್ಲಿ ಒಪ್ಪಿಸಿದರು. ಯಾರಿಗೋ ಕಟ್ಟಿ, ಯಾರೋ ಬಳಸಿ, ಮತ್ಯಾರಿಗೋ ದಾಟಿಸಿದ ಹಡಗುಗಳು ‘ಕೀಲುಂಗ್’ ವರ್ಗವಾಗಿ ಇನ್ನೂ ಓಡುತ್ತಿವೆ. ಅವುಗಳ ಎಂಜಿನ್ ಜನರಲ್ ಎಲೆಕ್ಟ್ರಿಕ್‌ನ ಎಲ್‌ಎಂ2500. ಮೂವತ್ತಕ್ಕೂ ಹೆಚ್ಚು ನೌಕಾಪಡೆಗಳಲ್ಲಿ ಅದೇ ಎಂಜಿನ್ ಇದೆ. ಅಮೆರಿಕದ ಎಪ್ಪತ್ತಕ್ಕೂ ಮೀರಿದ ಆರ್ಲೇ ಬರ್ಕ್ ಡೆಸ್ಟ್ರಾಯರ್‌ಗಳಲ್ಲಿ ಒಂದೊಂದಕ್ಕೆ ನಾಲ್ಕರಂತೆ ಇದೆ. ಅಷ್ಟು ಗಿರಾಕಿಗಳಿರುವಾಗ ಬಿಡಿಭಾಗದ ಅಂಗಡಿ ಮುಚ್ಚುವುದಿಲ್ಲ. ಡೆಸ್ಟ್ರಾಯರ್ ಕೊಳ್ಳುವಾಗ ಹೊಸತನಕ್ಕಿಂತ ನೆರೆಹೊರೆ ಮುಖ್ಯ ಎನ್ನುವ ಕಡೆಗೆ ನನ್ನ ಒಲವು. ಎಂಜಿನಿಯರ್ ಗೆಳೆಯರು ಇದಕ್ಕೆ ಒಪ್ಪುವುದಿಲ್ಲ. ಹಾಗೆಂದರೆ ಹೊಸದನ್ನು ಯಾರೂ ಮಾಡುವುದೇ ಬೇಡವೇ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ.

ಇದೇ ಎಲ್‌ಎಂ2500ಗೂ ಬೆಂಗಳೂರಿಗೂ ನಂಟಿದೆ. ಎಚ್‌ಎಎಲ್‌ನ ಕೈಗಾರಿಕಾ ಮತ್ತು ಸಾಗರ ಗ್ಯಾಸ್ ಟರ್ಬೈನ್ ವಿಭಾಗ ಲೈಸೆನ್ಸ್ ಪಡೆದು ಅದನ್ನು ಜೋಡಿಸುತ್ತದೆ, ಓವರ್‌ಹಾಲ್ ಮಾಡುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಿನಲ್ಲಿ ಹಡಗಿನ ಎಂಜಿನ್! ಶಿವಾಲಿಕ್ ವರ್ಗದ ಫ್ರಿಗೇಟ್‌ಗಳಲ್ಲೂ ವಿಮಾನವಾಹಕ ವಿಕ್ರಾಂತ್‌ನಲ್ಲೂ ಇರುವುದು ಈ ಎಂಜಿನ್. ನಮ್ಮ ಡೆಸ್ಟ್ರಾಯರ್‌ಗಳು ಮಾತ್ರ ಮಿಕೊಲಾಯಿವ್‌ನ ಹಾದಿ ಬಿಡಲಿಲ್ಲ. ಮೈಸೂರಿನ ಬಳಿಕ ಬಂದ ಕೋಲ್ಕತ್ತ, ವಿಶಾಖಪಟ್ಟಣ ವರ್ಗಗಳಲ್ಲೂ ಅದೇ ಎಂಜಿನ್ ಕುಲ ಮುಂದುವರಿಯಿತು. 2025ರ ಜನವರಿ 15ರಂದು ಸೇರಿದ ಐಎನ್‌ಎಸ್ ಸೂರತ್ ಸಾಲಿನ ಕೊನೆಯದು. ಕಲಿತ ಕೈ, ಕಟ್ಟಿಕೊಂಡ ಕಾರ್ಯಾಗಾರ, ಹೊಂದಿಕೊಂಡ ಗೇರ್‌ಬಾಕ್ಸ್ ಎಲ್ಲ ಇರುವಾಗ ಬದಲಿಸುವುದು ಸುಲಭವಲ್ಲ. ಆದರೆ 2022ರಲ್ಲಿ ಮಿಕೊಲಾಯಿವ್ ಮೇಲೆ ರಷ್ಯಾದ ಶೆಲ್ಲುಗಳು ಸುರಿದವು, ಟರ್ಬೈನ್ ಕಾರ್ಖಾನೆಯೂ ಪೆಟ್ಟು ತಿಂದಿತು. ಆ ವರ್ಷದ ಏಪ್ರಿಲ್‌ನಲ್ಲಿ ಊರಿಗೆ ಕುಡಿಯುವ ನೀರು ತರುವ ಕೊಳವೆಯೇ ಒಡೆದುಹೋಯಿತು. ನಲ್ಲಿಯಲ್ಲಿ ನೀರಿಲ್ಲದ ಊರಿಗೆ ಬ್ಲೇಡ್ ಯಾವಾಗ ಕಳಿಸುತ್ತೀರಿ ಎಂದು ಕೇಳುವುದಾದರೂ ಹೇಗೆ?

ದಾರಿಗಳನ್ನು ಹುಡುಕುತ್ತಿದ್ದಾರೆ. ಮಿಕೊಲಾಯಿವ್ ಕಾರ್ಖಾನೆಯ ಭಾರತೀಯ ಶಾಖೆಯಲ್ಲಿ ಪುಣೆಯ ಭಾರತ್ ಫೋರ್ಜ್ 2023ರಲ್ಲಿ ಶೇ 51ರ ಪಾಲು ಕೊಂಡಿತು. ಬೆಂಗಳೂರಿನ ಜಿಟಿಆರ್‌ಇ ಸಂಸ್ಥೆ ಯುದ್ಧವಿಮಾನಕ್ಕೆಂದು ರೂಪಿಸಿದ್ದ ತನ್ನ ಕಾವೇರಿ ಎಂಜಿನ್ನಿನಿಂದ ಹಡಗಿಗೆಂದು ಮಾಡಿದ ಟರ್ಬೈನನ್ನು ವಿಶಾಖಪಟ್ಟಣದಲ್ಲಿ ಪೀಠದ ಮೇಲೆ ಓಡಿಸಿ 12 ಮೆಗಾವಾಟ್ ತೋರಿಸಿತ್ತು. ಅದು ಹಡಗು ಹತ್ತಲಿಲ್ಲ. ಕಾವೇರಿಯೆಂದರೆ ನಮಗೆ ಬರೀ ವಿಮಾನದ ಸೋಲಿನ ನೆನಪು. ಅದರ ಈ ಕವಲನ್ನು ಹಿಡಿದು ಜಗ್ಗಿದ್ದರೆ ಇಂದು ಒಂದು ಸಣ್ಣ ಊರುಗೋಲಾದರೂ ಇರುತ್ತಿತ್ತು. ಅಮೆರಿಕನ್ನರು ಬೇರೊಂದು ತುದಿಯಿಂದ ಹೊರಟಿದ್ದಾರೆ. ಯುಎಸ್‌ಎಸ್ ಬಟಾನ್ ಎಂಬ ದೊಡ್ಡ ದಾಳಿನೌಕೆಯಲ್ಲಿ ಲೋಹ ಮುದ್ರಿಸುವ ಯಂತ್ರ ಇಟ್ಟು, ಏರ್ ಕಂಪ್ರೆಸರಿನ ಒಂದು ತಟ್ಟೆಯನ್ನು ಹಡಗಿನಲ್ಲೇ ಮುದ್ರಿಸಿಕೊಂಡರು. ಸಣ್ಣ ತಟ್ಟೆಗೆ ಸರಿ. ಉರಿಯಲ್ಲಿ ತಿರುಗುವ ಬ್ಲೇಡನ್ನು ಹಡಗಿನಲ್ಲೇ ಮುದ್ರಿಸಿಕೊಳ್ಳುವ ಧೈರ್ಯ ಇನ್ನೂ ಯಾರಿಗೂ ಬಂದಂತಿಲ್ಲ.

ನೌಕಾಪಡೆ ಹಡಗನ್ನು ಮೂರು ಪಾಲಾಗಿ ನೋಡುತ್ತದೆ: ತೇಲುವುದು, ಚಲಿಸುವುದು, ಕಾದುವುದು. ತೇಲುವ ಪಾಲು ಬಹುಪಾಲು ನಮ್ಮದೇ ಆಗಿದೆ, ಉಕ್ಕು ಸಮೇತ. ಚಲಿಸುವುದರಲ್ಲೂ ಕಾದುವುದರಲ್ಲೂ ಕೊರತೆ ಉಳಿದಿದೆ. 2020ರಲ್ಲಿ ತೆರೆದ ‘ಸೃಜನ್’ ಪೋರ್ಟಲ್‌ನಲ್ಲಿ ರಕ್ಷಣಾ ಇಲಾಖೆ ಆಮದಾಗುತ್ತಿರುವ ಸಾವಿರಾರು ಭಾಗಗಳ ಪಟ್ಟಿ ಹಾಕಿ, ಮಾಡುವವರು ಬನ್ನಿ ಎಂದು ಕರೆಯಿತು. ಪೀಣ್ಯದಂಥ ಕಡೆ ನಾಲ್ಕು ಲೇಥ್ ಇಟ್ಟುಕೊಂಡವರಿಗೆ ಇದು ಅವಕಾಶದಂತೆ ಕಾಣುತ್ತದೆ. ಆದರೆ ಬೇಕಿರುವುದು ವರ್ಷಕ್ಕೆ ಹನ್ನೆರಡು ವಾಲ್ವ್. ಡೈ ಮಾಡಿಸಬೇಕು, ಮಾದರಿಯನ್ನು ಕಂಪನ, ಆಘಾತ, ಉಪ್ಪುಮಂಜಿನ ಪರೀಕ್ಷೆಗೆ ಒಡ್ಡಬೇಕು, ಪ್ರಮಾಣಪತ್ರಕ್ಕೆ ಕಾಯಬೇಕು. ಅಷ್ಟರಲ್ಲಿ ಮುಂದಿನ ಟೆಂಡರ್ ಇನ್ನೊಬ್ಬರಿಗೆ ಹೋಗಲೂಬಹುದು. ಹತ್ತು ವರ್ಷದ ಆರ್ಡರನ್ನು ಒಟ್ಟಿಗೆ ಕೊಡದೆ ಸ್ವದೇಶಿ ಎಂದು ಎಷ್ಟು ಕೂಗಿದರೂ ಲೇಥ್ ತಿರುಗಿಸುವವನ ಲೆಕ್ಕ ಕೂಡುವುದಿಲ್ಲ.

ಕೊನೆಗೆ ಕಾರವಾರದ ಮಾತು. ಸೀಬರ್ಡ್ ಯೋಜನೆಯಲ್ಲಿ ಕಟ್ಟಿದ ಐಎನ್‌ಎಸ್ ಕದಂಬ ನೆಲೆಯಲ್ಲಿ ಹಡಗನ್ನು ನೀರಿನಿಂದ ನೇರವಾಗಿ ಎತ್ತುವ ಶಿಪ್‌ಲಿಫ್ಟ್ ಇದೆ. 10,000 ಟನ್‌ವರೆಗೆ ಎತ್ತಬಲ್ಲದು. ಡೆಸ್ಟ್ರಾಯರ್ ಅದಕ್ಕೆ ಭಾರವಲ್ಲ. ಹಡಗು ವೇದಿಕೆಯ ಮೇಲೆ ಬಂದು ನಿಲ್ಲುತ್ತದೆ, ಸುತ್ತಲಿನ ವಿಂಚ್‌ಗಳು ಒಟ್ಟಿಗೆ ಎಳೆಯುತ್ತವೆ, ತಳದ ಪಾಚಿ, ಚಿಪ್ಪು ಸಮೇತ ಮೇಲೆದ್ದ ಹಡಗನ್ನು ಹಳಿಯ ಮೇಲೆ ಪಕ್ಕಕ್ಕೆ ಸರಿಸಿ ರಿಪೇರಿಗೆ ಹಚ್ಚುತ್ತಾರೆ. ಲಿಫ್ಟ್ ಮುಂದಿನ ಹಡಗಿಗೆ ಖಾಲಿಯಾಗುತ್ತದೆ. ಯೋಜನೆಯ ಎರಡನೇ ಹಂತದಲ್ಲಿ 32 ಹಡಗು, ಜಲಾಂತರ್ಗಾಮಿಗಳಿಗೆ ಜಾಗವಾಗಬೇಕು. ಈ ನೆಲೆಗಾಗಿ ಕಾರವಾರ, ಅಂಕೋಲಾ ಕಡೆಯ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಮೀನುಗಾರಿಕೆಯ ತೀರ ಬಿಟ್ಟು ಎದ್ದು ಹೋದವು. ಪರಿಹಾರದ ಜಗಳ ದಶಕಗಳ ಕಾಲ ನಡೆಯಿತು. ಅಲ್ಲಿನ ನೌಕಾ ದುರಸ್ತಿ ಯಾರ್ಡ್ ಈಗ ಐಟಿಐ ಮುಗಿಸಿದವರನ್ನು ಅಪ್ರೆಂಟಿಸ್‌ಗಳಾಗಿ ಕರೆಯುತ್ತದೆ: ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಮೆಷಿನಿಸ್ಟ್. ಉಗ್ರಾಣದಲ್ಲಿ ಬೇರಿಂಗ್ ಇದ್ದರೂ ಅದನ್ನು ಕೂರಿಸುವ ಕೈ ಬೇಕಲ್ಲ. ಆ ಕರೆಯ ಜಾಹೀರಾತು ಜಿಲ್ಲೆಯ ಐಟಿಐಗಳ ಗೋಡೆಗೆ ಕನ್ನಡದಲ್ಲೂ ಅಂಟಲಿ ಎಂಬುದು ಅಲ್ಲಿನವರ ಸಣ್ಣ ಬೇಡಿಕೆಯಾದೀತು. ಬಿಡಿಭಾಗದಷ್ಟು ದುಬಾರಿಯದಂತೂ ಅಲ್ಲ.